ಫ್ಲ್ಯಾಶ್ ಮತ್ತು ಮಿಂಚುಹುಳ

ಫೋಟೊಗ್ರಫಿ ಕಲಿಯುತ್ತಿದ್ದ ಮಾದೇವಿ ಒಂದು ಸಂಜೆ ಮಿಂಚುಹುಳಗಳ ಚಿತ್ರ ತೆಗೆಯಲು ಕಾಡಂಚಿನ ಮತ್ತಿಮರದ ಬಳಿಗೆ ಬಂದಳು. ಬೆಳಗಾದರೆ ಅದನ್ನು ತರಗತಿಯಲ್ಲಿ ತೋರಿಸಬೇಕಿತ್ತು. ಕತ್ತಲು ಕವಿಯುತ್ತಿದ್ದಂತೆ ಮರದ ತುಂಬ ಹುಳಗಳು ಮಿನುಗತೊಡಗಿದವು.

ಕ್ಯಾಮೆರಾದ ಮೇಲೆ ಕೂತಿದ್ದ ಫ್ಲ್ಯಾಶ್, "ಇಷ್ಟು ಸಣ್ಣ ಬೆಳಕು ಯಾರಿಗೆ ಕಾಣುತ್ತದೆ? ನಾನು ಬೆಳಗಿ ತೋರಿಸುತ್ತೇನೆ" ಎಂದು ಜೋರಾಗಿ ಹೊಳೆಯಿತು. ಚಿತ್ರದಲ್ಲಿ ಎಲೆಗಳು ಬೆಳ್ಳಗೆ ಕಂಡವು, ಹುಳ ಒಂದೂ ಇರಲಿಲ್ಲ. ಫ್ಲ್ಯಾಶ್ ಮತ್ತೆ ಮತ್ತೆ ಹೊಳೆಯಿತು. ಬೆದರಿದ ಹುಳಗಳು ಒಂದೊಂದಾಗಿ ಆರಿದವು. ಬ್ಯಾಟರಿಯೂ ಮುಗಿಯುತ್ತ ಬಂದು, ಇನ್ನೊಂದು ಚಿತ್ರಕ್ಕಷ್ಟೇ ಸಾಕಾಗುವಂತಿತ್ತು.

ಆಗ ಒಂದು ಮಿಂಚುಹುಳ ಕ್ಯಾಮೆರಾದ ಮೇಲೆ ಬಂದು ಕೂತು, "ಅಯ್ಯಾ, ನೀನು ಬೆಳಗುವಾಗ ನಿನಗೆ ನಾವು ಕಾಣುತ್ತೇವೆಯೇ?" ಎಂದು ಕೇಳಿತು.

"ಆಗ ನನಗೆ ನನ್ನ ಬೆಳಕೊಂದೇ ಕಾಣುವುದು" ಎಂದಿತು ಫ್ಲ್ಯಾಶ್.

"ಹಾಗಾದರೆ ಒಮ್ಮೆ ಸುಮ್ಮನಿದ್ದು ನೋಡು."

ಆ ಮಾತು ಕೇಳಿಸಿಕೊಂಡ ಮಾದೇವಿ ಫ್ಲ್ಯಾಶ್ ಆರಿಸಿದಳು. ಕ್ಯಾಮೆರಾವನ್ನು ಬಂಡೆಯ ಮೇಲೆ ಅಲುಗದಂತೆ ಇಟ್ಟು, ಬೆಳಕನ್ನು ಒಳಬಿಡುವ ಶಟರ್ ಬಹಳ ಹೊತ್ತು ತೆರೆದೇ ಇರುವಂತೆ ಮಾಡಿ, ಉಸಿರು ಬಿಗಿಹಿಡಿದು ಕಾದಳು. ಮೊದಲು ಒಂದು ಹುಳ ಮಿನುಗಿತು, ಆಮೇಲೆ ಹತ್ತಾರು, ಆಮೇಲೆ ಇಡೀ ಮರ. ಶಟರ್ ಮುಚ್ಚಿದಾಗ ಪರದೆಯ ಮೇಲೆ ಕೊಂಬೆಕೊಂಬೆಗೂ ಹೊನ್ನಿನ ಗೆರೆಗಳು ಹೆಣೆದುಕೊಂಡಿದ್ದವು. ಹುಳಗಳು ಹಾರಿದ ದಾರಿಗಳೆಲ್ಲ ಅಲ್ಲಿ ಉಳಿದಿದ್ದವು. ಮರುಕ್ಷಣವೇ ಬ್ಯಾಟರಿ ಮುಗಿದು ಪರದೆ ಆರಿತು.

"ಇಷ್ಟು ಹೊತ್ತೂ ಇವೆಲ್ಲ ಇಲ್ಲೇ ಇದ್ದವೇ?" ಫ್ಲ್ಯಾಶ್ ಮೆಲ್ಲಗೆ ಕೇಳಿತು.

"ಇದ್ದವು" ಎಂದಳು ಮಾದೇವಿ, ಮರದಿಂದ ಕಣ್ಣು ಕೀಳಲಾಗದೆ.