ಗಿಡ್ಡ ಮೂತಿಯ ಸೀಟು

“ಗುರುಗಳೇ, ಹೊಂದದ ಜಾಗವನ್ನು ಬಿಟ್ಟು ಬೇರೆ ಜಾಗಕ್ಕೆ ಹೋದವನಿಗೆ ಅಲ್ಲಿಯೂ ಹೊಂದದಿದ್ದರೆ, ತಪ್ಪು ಜಾಗದ್ದೋ, ಅವನದೋ?”

ಹೀಗೆ ಕೇಳಿದವನು ರೇವಣ. ಒಂಬತ್ತು ವರ್ಷ ಗುರುಗಳ ಮಠದಲ್ಲಿದ್ದು ಓದಿದವನು. ಹೋದ ವರ್ಷ ಅವರ ಅಪ್ಪಣೆ ಪಡೆದು ಮಠ ಬಿಟ್ಟು, ಕಿವಿ ಕೇಳದ ಮಕ್ಕಳ ಶಾಲೆಯೊಂದರಲ್ಲಿ ಕಲಿಸಲು ಸೇರಿದ್ದ. ವಾಸವೂ ಅಲ್ಲಿಯೇ.

“ಮಠದಲ್ಲಿದ್ದಾಗ ನನ್ನ ಓದು ಯಾರಿಗೂ ಉಪಯೋಗವಿಲ್ಲ ಎಂದು ಕೊರಗುತ್ತಿದ್ದೆ. ಅದಕ್ಕೇ ಶಾಲೆಗೆ ಹೋದೆ. ಆದರೆ ಇಲ್ಲಿಯ ನೇಮವನ್ನು ಅಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಬೆಳಿಗ್ಗೆ ಎರಡು ಗಂಟೆ ಧ್ಯಾನ, ಸಂಜೆ ಎರಡು ಗಂಟೆ ಓದು, ಊಟಕ್ಕೆ ಮುಂಚೆ ಒಂದು ಗಂಟೆ ಮೌನ. ಆದರೂ ಧ್ಯಾನದಲ್ಲಿ ಮನಸ್ಸು ನಿಲ್ಲುವುದಿಲ್ಲ. ಪಾಠ ಮಾಡುವಾಗ ಗಡಿಯಾರ ನೋಡುತ್ತೇನೆ. ಮಕ್ಕಳು ಬಾಗಿಲು ತಟ್ಟಿದರೆ ಸಿಟ್ಟು ಬರುತ್ತದೆ. ಆ ಶಾಲೆ ನನಗೆ ಹೇಳಿ ಮಾಡಿಸಿದ್ದಲ್ಲ ಎನ್ನಿಸಿದೆ. ಹಿಂದಿರುಗಿ ಬಂದುಬಿಡಲೇ?”

ಗುರುಗಳು ಕುಳಿತುಕೊಳ್ಳಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ವಿಜಯಪುರದಲ್ಲಿ ಕಸ್ತೂರಿ ಎಂಬ ಹೆಣ್ಣುಮಗಳಿದ್ದಾಳೆ. ಸೈಕಲ್ ಸ್ಪರ್ಧೆಗೆ ಹುಡುಗಿಯರನ್ನು ತಯಾರು ಮಾಡುವುದು ಅವಳ ಕೆಲಸ. ಹಿಂದೆ ತಾನೇ ಸ್ಪರ್ಧೆಗಳಲ್ಲಿ ಓಡಿಸಿದವಳು. ನಾನು ಸೈಕಲ್ ಹೊಡೆದವನಲ್ಲ. ಇದೆಲ್ಲ ಅವಳೇ ನನಗೆ ಹೇಳಿದ್ದು.

ಅವಳ ಕೈಕೆಳಗೆ ದಾನಮ್ಮ ಎಂಬ ಹುಡುಗಿ ಕಲಿಯುತ್ತಿದ್ದಳು. ಇಪ್ಪತ್ತೆರಡು ವರ್ಷ. ಗಟ್ಟಿ ಕಾಲು, ಕಡಿಮೆ ಮಾತು. ನೂರು ಕಿಲೋಮೀಟರ್ ಸ್ಪರ್ಧೆಗೆ ರಾಜ್ಯದ ತಂಡ ಆರಿಸಲು ಮೂರು ತಿಂಗಳು ಉಳಿದಿತ್ತು. ಆ ವರ್ಷ ಆಯ್ಕೆಯಾಗದಿದ್ದರೆ ಮನೆಯವರು ಇನ್ನೊಂದು ವರ್ಷ ಬಿಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೀಗಿರುವಾಗ ದಿನದಿಂದ ದಿನಕ್ಕೆ ಅವಳ ವೇಗ ತಗ್ಗುತ್ತ ಬಂತು. ಅರವತ್ತು ಕಿಲೋಮೀಟರ್ ದಾಟಿದರೆ ಸೀಟಿನಿಂದ ಎದ್ದು ನಿಂತೇ ತುಳಿಯುತ್ತಿದ್ದಳು.

ಕಸ್ತೂರಿ ಬಹಳ ಸಲ ಕಾರಣ ಕೇಳಿದಳು. ಏನಿಲ್ಲ ಎಂದೇ ಉತ್ತರ ಬಂತು. ಒಂದು ದಿನ ಬಬಲೇಶ್ವರದ ರಸ್ತೆಯಲ್ಲಿ ದಾನಮ್ಮ ಸೈಕಲ್ ನಿಲ್ಲಿಸಿ ಅಳುತ್ತ ಕುಳಿತಳು. ಆಗ ಬಾಯಿಬಿಟ್ಟಳು. ಮುಂದಕ್ಕೆ ಬಾಗಿ ತುಳಿಯುವಾಗ ಸೀಟಿನ ಮುಂದೆ ಚಾಚಿದ ಉದ್ದ ಮೂತಿ ಒತ್ತಬಾರದ ಜಾಗವನ್ನು ಒತ್ತುತ್ತಿತ್ತು. ಮೊದಮೊದಲು ಜೋಮು ಹಿಡಿಯುತ್ತಿತ್ತು, ಈಗ ಗಾಯವಾಗಿತ್ತು. ಹೇಳಿಕೊಳ್ಳುವ ಮಾತಲ್ಲವೆಂದು ಒಂದು ವರ್ಷ ಹೇಳಿರಲಿಲ್ಲ.

ಕಸ್ತೂರಿ ಅವಳ ಪಕ್ಕದಲ್ಲಿ ರಸ್ತೆಯಂಚಿನಲ್ಲೇ ಕುಳಿತಳು. “ಹನ್ನೊಂದು ವರ್ಷದ ಹಿಂದೆ ನಾನು ಸೈಕಲ್ ಬಿಟ್ಟೆ. ಸೊಂಟದ ನೋವಿಗೆ ಬಿಟ್ಟೆ ಎಂದು ಎಲ್ಲರಿಗೂ ಹೇಳಿದ್ದೇನೆ. ನನ್ನ ಸೊಂಟಕ್ಕೆ ಏನೂ ಆಗಿರಲಿಲ್ಲ” ಎಂದಳು.

ಈ ಮಾತನ್ನು ಅವಳು ಅಲ್ಲಿಯವರೆಗೆ ಯಾರ ಮುಂದೆಯೂ ಆಡಿರಲಿಲ್ಲ.

ಮರುವಾರ ಕಸ್ತೂರಿ ಬೆಳಗಾವಿಗೆ ಹೋಗಿ ಹೊಸ ಬಗೆಯ ಸೀಟು ತಂದಳು. ಅದರ ಮೂತಿ ಗಿಡ್ಡ. ನಡುವೆ ಬಿರುಕು ಬಿಟ್ಟಂತೆ ಟೊಳ್ಳು. ಮುಂದೆ ಬಾಗಿದರೂ ಒತ್ತುವುದಿಲ್ಲ. ಅದನ್ನು ಮೆಕ್ಯಾನಿಕ್ ಕೈಗೆ ಕೊಡದೆ ತಾನೇ ಕೂಡಿಸಿದಳು. ದಾನಮ್ಮನ ಸೈಕಲ್ಲಿನ ಅಳತೆಯೆಲ್ಲ ಕಸ್ತೂರಿ ಬರೆದಿಟ್ಟ ವಹಿಯಲ್ಲಿತ್ತು. ಹ್ಯಾಂಡಲಿನಿಂದ ಸೀಟಿನ ಮೂತಿಯ ತುದಿಗೆ ಎಷ್ಟು ಸೆಂಟಿಮೀಟರ್ ಎಂದು ಬರೆದಿತ್ತೋ ಅಷ್ಟೇ ದೂರಕ್ಕೆ ಹೊಸ ಸೀಟಿನ ತುದಿ ಬರುವಂತೆ ಟೇಪು ಹಿಡಿದು ಬೋಲ್ಟು ಬಿಗಿದಳು. ಎರಡೆರಡು ಸಲ ಅಳೆದು ನೋಡಿದಳು.

ಒಂದು ವಾರದಲ್ಲಿ ಗಾಯ ಒಣಗುತ್ತ ಬಂತು. ದಾನಮ್ಮ ನಗುನಗುತ್ತ ತುಳಿದಳು. ಎರಡನೆಯ ವಾರ ಮೊಣಕಾಲಿನ ಮುಂಭಾಗ ನೋಯತೊಡಗಿತು. ಮೂರನೆಯ ವಾರ ಅಂಗೈ ಜೋಮು ಹಿಡಿಯಿತು. ಮೈಯ ಭಾರವೆಲ್ಲ ಕೈಮೇಲೆ ಬೀಳುತ್ತಿತ್ತು. ಕುಳಿತಲ್ಲಿ ಕೂರಲಾಗದೆ ಅವಳು ಹಿಂದೆ ಹಿಂದೆ ಸರಿಯುತ್ತಿದ್ದಳು. ಸರಿದರೆ ಸೀಟಿನ ಹಿಂದಿನ ಅಂಚು ಸಿಗುತ್ತಿತ್ತು.

ಹೀಗಾಗಿದೆ ಎಂದು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಕಸ್ತೂರಿ ಅಕ್ಕ ಇಷ್ಟು ಆಸೆಯಿಂದ ತಂದದ್ದು. ಹಳೆಯ ಸೀಟನ್ನೇ ಮತ್ತೆ ಕೂಡಿಸಿಕೊಂಡು ಅಭ್ಯಾಸಕ್ಕೆ ಹೋದಳು. ಗಾಯ ಮತ್ತೆ ಬಿಚ್ಚಿಕೊಂಡಿತು.

ಮೂರು ದಿನ ಕಳೆದ ಮೇಲೆ ಕಸ್ತೂರಿಯ ಕಣ್ಣಿಗೆ ಬಿತ್ತು.

“ಹೊಸ ಸೀಟು ಎಲ್ಲಿ?”

“ಮನೆಯಲ್ಲಿದೆ, ಅಕ್ಕಾ. ಅದರಲ್ಲಿ ಮೊಣಕಾಲು ನೋಯುತ್ತದೆ. ಇದರಲ್ಲಿ ಗಾಯವಾಗುತ್ತದೆ. ಗಾಯ ನನಗೆ ರೂಢಿಯಾಗಿದೆ. ಮೊಣಕಾಲು ಹೋದರೆ ಸೈಕಲ್ಲೇ ಹೋಗುತ್ತದೆ.”

“ಅದನ್ನು ನಾನೇ ಅಳೆದು ಇಟ್ಟಿದ್ದೇನೆ. ಕೂದಲಿನಷ್ಟೂ ತಪ್ಪಿಲ್ಲ.”

“ತಪ್ಪಿದೆ ಎಂದು ನಾನು ಹೇಳಲಿಲ್ಲ, ಅಕ್ಕಾ. ನೋಯುತ್ತದೆ ಎಂದೆ.”

ಕಸ್ತೂರಿಗೆ ಬೇಸರವಾಯಿತು. ತಂದುಕೊಟ್ಟದ್ದು ಬೇಡವಾಯಿತೆಂಬ ಬೇಸರ. ಅದಕ್ಕಿಂತ ಹೆಚ್ಚಾಗಿ, ತನಗಾದಂತೆಯೇ ಈ ಹುಡುಗಿಗೂ ಆಗಿಬಿಡುತ್ತದೆಂಬ ಭಯ. ಗಾಯ ಮಾಡುವ ಹಳೆಯ ಸೀಟನ್ನು ಬಿಚ್ಚಿಕೊಂಡು, ಅಂಗಡಿಗೆ ಹಿಂದಿರುಗಿಸೋಣವೆಂದು ಹೊಸದನ್ನೂ ತರಿಸಿಕೊಂಡು, ಎರಡನ್ನೂ ಮನೆಗೆ ತೆಗೆದುಕೊಂಡು ಹೋದಳು. ಹಾಗೆಂದು ಹೋದವಳು ಹಿಂದಿರುಗಿಸಲಿಲ್ಲ. ಎರಡನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು. ಮೊದಲು ಮೂತಿಗೆ ಮೂತಿ ಸೇರಿಸಿ ಇಟ್ಟು ನೋಡಿದಳು. ಆಮೇಲೆ ತಿರುಗಿಸಿ ಹಿಂಭಾಗಕ್ಕೆ ಹಿಂಭಾಗ ಸೇರಿಸಿ ಇಟ್ಟಳು.

ಆಗ ಅವಳಿಗೆ ಕಂಡಿತು. ಹೊಸದು ಹಳೆಯದಕ್ಕಿಂತ ಚಿಕ್ಕ ಸೀಟಲ್ಲ. ಕೂರುವ ಭಾಗದ ಅಗಲ, ಉದ್ದ ಎರಡರಲ್ಲೂ ಒಂದೇ. ಮೂತಿಯನ್ನು ಮಾತ್ರ ಕತ್ತರಿಸಿ ತೆಗೆದಂತಿತ್ತು.

ಮರುದಿನ ಬೆಳಿಗ್ಗೆ ಅವಳು ಸೀಮೆಸುಣ್ಣದ ಪುಡಿ ಹಿಡಿದು ಬಂದಳು. ಹಳೆಯ ಸೀಟನ್ನು ಕೂಡಿಸಿ, ಅದರ ಮೇಲೆ ಪುಡಿ ಉದುರಿಸಿ, ದಾನಮ್ಮನನ್ನು ಕೂರಿಸಿ ಇಳಿಸಿದಳು. ಪುಡಿ ಅಳಿಸಿಹೋಗಿ ಎರಡು ಗುರುತು ಮೂಡಿದವು, ಕೂರುವಾಗ ಮೂಳೆ ಊರಿದ ಜಾಗ. ಹ್ಯಾಂಡಲಿನಿಂದ ಆ ಗುರುತಿಗೆ ಅಳೆದು ಬರೆದುಕೊಂಡಳು. ಆಮೇಲೆ ಹೊಸ ಸೀಟನ್ನು ತಾನು ಮೊದಲು ಬಿಗಿದಂತೆಯೇ ಬಿಗಿದು, ಪುಡಿ ಉದುರಿಸಿ, ಮತ್ತೆ ಕೂರಿಸಿದಳು. ಮತ್ತೆ ಅಳೆದಳು.

ಮೂತಿ ಹಳೆಯ ಜಾಗದಲ್ಲೇ ಇತ್ತು. ದಾನಮ್ಮ ಮಾತ್ರ ಮೂರು ಸೆಂಟಿಮೀಟರ್ ಮುಂದೆ ಕುಳಿತಿದ್ದಳು.

ಕಸ್ತೂರಿ ನೆಲದ ಮೇಲೆ ಕುಳಿತುಬಿಟ್ಟಳು. “ಇಷ್ಟು ವರ್ಷ ಮೂತಿ ಅಳೆದುಕೊಂಡು ಬಂದೆ, ದಾನಮ್ಮಾ. ಮೂತಿಯ ಮೇಲೆ ಯಾರು ಕೂರುತ್ತಾರೆ?” ಎಂದಳು. ಇಬ್ಬರಿಗೂ ನಗು ಬಂತು. 

ಬೋಲ್ಟು ಸಡಿಲಿಸಿ, ಹಳೆಯ ಗುರುತಿನ ಜಾಗಕ್ಕೆ ಹೊಸ ಗುರುತು ಬರುವವರೆಗೆ ಸೀಟನ್ನು ಹಿಂದಕ್ಕೆ ಸರಿಸಿದರು. ಸರಿಸಿದಾಗ ಪೆಡಲು ಸ್ವಲ್ಪ ದೂರವಾಯಿತು. ಅದನ್ನೂ ಅಳೆದು ಸೀಟನ್ನು ಅಷ್ಟು ಕೆಳಗಿಳಿಸಿದರು. ಎಲ್ಲ ಮುಗಿದ ಮೇಲೆ ನೋಡಿದರೆ ಸೈಕಲ್ಲು ವಿಕಾರವಾಗಿತ್ತು. ಹ್ಯಾಂಡಲಿಗೂ ಸೀಟಿಗೂ ನಡುವೆ ದೊಡ್ಡ ಬಯಲು.

“ಅಕ್ಕಾ, ಬಹಳ ಹಿಂದೆ ಹೋಯಿತು” ಎಂದಳು ದಾನಮ್ಮ.

“ಕಣ್ಣಿಗೆ ಹಾಗೆ ಕಾಣುತ್ತದೆ. ಕುಳಿತು ಹೇಳು.”

ದಾನಮ್ಮ ಹತ್ತು ಕಿಲೋಮೀಟರ್ ಹೋಗಿ ಬಂದಳು. ಸುಖವಾಗಿದೆ ಎನ್ನಲಿಲ್ಲ. ಸೀಟಿನ ನೆನಪೇ ಆಗಲಿಲ್ಲ ಎಂದಳು.

ಮೊಣಕಾಲಿನ ನೋವು ಒಂದೇ ದಿನಕ್ಕೆ ಹೋಗಲಿಲ್ಲ. ಹತ್ತು ದಿನ ಸಣ್ಣ ದೂರವನ್ನೇ ತುಳಿದಳು. ಗಾಯ ಮಾಗಲು ಇನ್ನೂ ಒಂದು ವಾರ ಹಿಡಿಯಿತು. ಕಳೆದ ದಿನಗಳು ಹಿಂದೆ ಬರುವಂತಿರಲಿಲ್ಲ. ಆಯ್ಕೆಯ ದಿನ ಅವಳು ಮೊದಲಿಗಳಾಗಲಿಲ್ಲ, ಮೂರನೆಯವಳೂ ಆಗಲಿಲ್ಲ. ಐದನೆಯವಳಾಗಿ ಬಂದಳು. ತಂಡಕ್ಕೆ ಆರು ಮಂದಿಯನ್ನು ತೆಗೆದುಕೊಂಡರು.

ಇನ್ನೂ ಒಂದು ವಿಷಯವಿದೆ. ಅದು ಸ್ಪರ್ಧೆಯ ಪಟ್ಟಿಯಲ್ಲಿ ಬರುವಂಥದ್ದಲ್ಲ. ತಂಡದ ಅಭ್ಯಾಸಕ್ಕೆ ದಾನಮ್ಮ ಹೊರಡುವ ಮುಂಚಿನ ಒಂದು ಬೆಳಿಗ್ಗೆ ಕಸ್ತೂರಿ ಮನೆಯ ಮಾಳಿಗೆಯಿಂದ ತನ್ನ ಸೈಕಲ್ ಇಳಿಸಿದಳು. ಅಂಥದೇ ಸೀಟನ್ನು ತನಗೂ ತಂದುಕೊಂಡಿದ್ದಳು. ದಾನಮ್ಮ ಪುಡಿ ಉದುರಿಸಿ, ಅಳೆದು, ಬಿಗಿದು ಕೊಟ್ಟಳು. ನಲವತ್ನಾಲ್ಕನೆಯ ವಯಸ್ಸಿನಲ್ಲಿ, ಹನ್ನೊಂದು ವರ್ಷದ ಮೇಲೆ, ಕಸ್ತೂರಿ ದಾನಮ್ಮನ ಜೊತೆ ರಸ್ತೆಗಿಳಿದಳು. ಊರ ಹೊರಗಿನ ಏರಿನಲ್ಲಿ ಬಹಳ ಹಿಂದುಳಿದಳು. ದಾನಮ್ಮ ಕಾಯಲಿಲ್ಲ. ಕಾಯಬೇಡ ಎಂದು ಕಸ್ತೂರಿಯೇ ಹೇಳಿದ್ದಳು. ಏರು ಹತ್ತಿದ ಮೇಲೆ ಕಸ್ತೂರಿ ಸೈಕಲ್ಲಿನಿಂದ ಇಳಿಯದೆ ಹಾಗೆಯೇ ಮುಂದೆ ಹೋದಳಂತೆ. ಈಗ ವಾರಕ್ಕೆ ನಾಲ್ಕು ದಿನ ಹೋಗುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು.

ರೇವಣನ ಮುಖ ತಿಳಿಯಾಗಿತ್ತು. “ಅರ್ಥವಾಯಿತು, ಗುರುಗಳೇ. ಶಾಲೆಯ ದಿನವನ್ನು ನಾನು ಮಠದ ಅಳತೆಯಲ್ಲಿ ಇಟ್ಟೆ. ನಾನು ಹಿಂದಿರುಗುವುದಿಲ್ಲ. ಧ್ಯಾನವನ್ನು ಒಂದು ಗಂಟೆಗೆ ಇಳಿಸಿದರೆ ಸಾಕೇ? ಓದನ್ನು ಅರ್ಧ ಗಂಟೆಗೆ? ಮೌನ ಎಷ್ಟಿರಲಿ?”

ಗುರುಗಳು ಅವನನ್ನೇ ನೋಡಿ, “ನೀನು ಇನ್ನೂ ಮೂತಿಯನ್ನೇ ಅಳೆಯುತ್ತಿದ್ದೀಯೆ. ಮೊದಲು ಆ ಶಾಲೆಯ ಒಂದು ಮಗುವಿನ ಹೆಸರು ಹೇಳು ರೇವಣಾ, ಗಂಟೆ ಎಷ್ಟೆಂದು ಆಮೇಲೆ ನೋಡೋಣ” ಎಂದರು.

ಹೆಸರು ಕೇಳಿಕೊಂಡು ಬರಲು ರೇವಣ ಎದ್ದು ಶಾಲೆಗೆ ಹೊರಟ.