ಮಾವನವರನ್ನು ಮೂರು ಸಲ ಸಾಯಿಸಿದ ನಗಾರಿ

"ನನ್ನ ಪಾಠದಿಂದ ತಿದ್ದಿಕೊಳ್ಳದ ಮನುಷ್ಯ ಇನ್ನೂ ಹುಟ್ಟಿಲ್ಲ," ಎಂದು ಆಸ್ಥಾನ ಪಂಡಿತ ಶೇಷಾವಧಾನಿಗಳು ತುಂಬಿದ ಆಸ್ಥಾನದಲ್ಲಿ ಹೇಳಿದಾಗ, ಅವರಿಂದ ಎರಡು ಸಲ ತಿದ್ದಿಸಿಕೊಂಡಿದ್ದ ನಗಾರಿ ಕೆಂಚಪ್ಪ ಮೂರನೆಯ ತಪ್ಪಿಗಾಗಿ ಅಲ್ಲೇ ತಲೆ ತಗ್ಗಿಸಿ ನಿಂತಿದ್ದ.

ತಪ್ಪು ಸಣ್ಣದೇನಲ್ಲ. ಕಣಗಲಕೋಟೆಗೆ ಯಾರು ಬಂದರೂ ಹೆಬ್ಬಾಗಿಲ ಮೇಲಿನ ನಗಾರಿಯೇ ಊರಿಗೆ ತಿಳಿಸಬೇಕು. ಸಾಮಂತರಿಗೊಂದು ಬಡಿತ, ಬೀಗರಿಗೊಂದು, ಸಾವಿನ ಸುದ್ದಿಗೊಂದು, ಹೀಗೆ ಒಂಬತ್ತು. ದೊರೆ ಸೋಮಭೂಪರ ಮಾವನವರು ಬಂದಾಗ ಕೆಂಚಪ್ಪ ಸಾವಿನ ಬಡಿತ ಬಾರಿಸಿಬಿಟ್ಟಿದ್ದ. ಪಲ್ಲಕ್ಕಿ ಇಳಿಯುವಷ್ಟರಲ್ಲಿ ಊರ ಗಂಡಸರು ರುಮಾಲು ಬಿಚ್ಚಿದ್ದರು, ಹೆಂಗಸರು ಅಳು ತೆಗೆದಿದ್ದರು. ಸತ್ತದ್ದು ಯಾರೆಂದು ಮಾವನವರು ಎಷ್ಟು ಕೇಳಿದರೂ ಯಾರಿಗೂ ಗೊತ್ತಿಲ್ಲ. ಕೊನೆಗೆ ಮರ್ಯಾದೆಗೆಂದು ತಾವೂ ರುಮಾಲು ಬಿಚ್ಚಿದರು.

ಇದು ಮೂರನೆಯ ಸಲ. ರಾಣಿಯವರು ದೊರೆಯ ಜೊತೆ ಮಾತು ಬಿಟ್ಟು ನಾಲ್ಕು ದಿನವಾಗಿತ್ತು.

"ಬರುವ ಶುಕ್ರವಾರ ಮಾವನವರು ಮತ್ತೆ ಬರುತ್ತಾರೆ," ಎಂದರು ದೊರೆ. "ನಾಲ್ಕನೆಯ ಸಲ ಅವರನ್ನು ಸಾಯಿಸಿದರೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೋಟೆ ಬಿಡು. ಅವಧಾನಿಗಳೇ, ಇವನಿಗೆ ಇನ್ನೊಮ್ಮೆ ಪಾಠ ಮಾಡಿ."

"ಆರು ತಿಂಗಳು ಬೇಕು ಪ್ರಭು. ಆದರೂ ಇವತ್ತೇ ಶುರು ಮಾಡುತ್ತೇನೆ."

ದೊರೆಯ ಪಕ್ಕದಲ್ಲಿ ಎಲೆಯಡಿಕೆಯ ಚೀಲ ಹಿಡಿದು ನಿಂತಿದ್ದ ಹಡಪದ ನೀಲವ್ವ ಎಲ್ಲ ಕೇಳಿಸಿಕೊಂಡಳು. ಹನ್ನೆರಡು ವರ್ಷದಿಂದ ಅದೇ ಜಾಗದಲ್ಲಿ ನಿಂತವಳು. ಯಾವಾಗ ಸುಮ್ಮನಿರಬೇಕೆಂಬುದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಮಂಡಿ ಹಿಡಿದುಕೊಂಡು ನಗಾರಿಖಾನೆಯ ಮೆಟ್ಟಿಲು ಹತ್ತಿದಳು.

"ಒಂಬತ್ತೂ ಬಾರಿಸಪ್ಪ, ನೋಡೋಣ."

ಕೆಂಚಪ್ಪ ಬಾರಿಸಿದ. ಒಂದು ಪೆಟ್ಟೂ ತಪ್ಪಲಿಲ್ಲ.

"ಎಲ್ಲ ಬರುತ್ತಲ್ಲೋ! ಮತ್ತೆ ಮಾವನವರನ್ನು ಯಾಕೆ ಸಾಯಿಸಿದೆ?"

"ನಾನೆಲ್ಲಿ ಸಾಯಿಸಿದೆ ನೀಲಕ್ಕ? ಇಲ್ಲಿಂದ ಹೆಬ್ಬಾಗಿಲು ಕಾಣುತ್ತಾ ನೀನೇ ನೋಡು. ಬಾಗಿಲವನು ಕೆಳಗಿಂದ ಕೂಗಬೇಕು, ಈ ನೆಲದ ತೂತಿನಲ್ಲಿ ನಾನು ಕೇಳಿಸಿಕೊಳ್ಳಬೇಕು. ಕೆಳಗೆ ಕುದುರೆ ಲಾಯ, ಪಕ್ಕದಲ್ಲಿ ಕಮ್ಮಾರರ ಸಾಲು. ಸಾವಿನ ಸುದ್ದಿ ತಂದವರಿಗೆ 'ಸಾವಿನವರು ಬಂದರು' ಅಂತ ಕೂಗುತ್ತಾನೆ. ದೊರೆಯ ಮಾವನಿಗೆ 'ಮಾವನವರು ಬಂದರು' ಅಂತ. ನನಗೆ ಕೇಳಿಸುವುದು 'ಆವನವರು' ಅಷ್ಟೇ."

"ಅವಧಾನಿಗಳಿಗೆ ಹೇಳಲಿಲ್ಲವೇ?"

"ಹೇಳಿದೆ. ಕಿವಿಯ ವಿಷಯ ಶಾಸ್ತ್ರದಲ್ಲಿಲ್ಲ ಅಂದರು."

ನೀಲವ್ವ ತೂತಿನಲ್ಲಿ ಬಗ್ಗಿ ನೋಡಿದಳು. ಬಾಗಿಲವನ ಬೋಳುತಲೆ ಕಂಡಿತು. "ಎರಡು ಹಗ್ಗ ಸಾಕು," ಎಂದಳು.

ಸಂಜೆ ದೊರೆಯ ಮುಂದೆ ನಿಂತಳು. "ಪ್ರಭು, ತೂತಿನಲ್ಲಿ ಎರಡು ಹಗ್ಗ ಬಿಡೋಣ. ಬಾಗಿಲವನು ಒಂದನ್ನು ಎಳೆದರೆ ಕೆಂಚಪ್ಪನ ಕಣ್ಣೆದುರು ಕೆಂಪು ಬಟ್ಟೆ ಏಳಲಿ, ಅದು ಮಾವನವರಿಗೆ. ಇನ್ನೊಂದನ್ನು ಎಳೆದರೆ ಬಿಳಿ ಬಟ್ಟೆ, ಅದು ಸಾವಿಗೆ. ಪಾಠ ಬೇಡ."

ಅವಧಾನಿಗಳು ನಕ್ಕರು. ದೊರೆ ನಗಲಿಲ್ಲ. "ಚಿಂದಿ ನೋಡಿ ಬಾರಿಸುವವನು ನಗಾರಿಯವನೇ ನೀಲವ್ವ? ನಲವತ್ತು ನಾಯಕರು ನನ್ನ ದರ್ಬಾರಿಗೆ ಬರುತ್ತಾರೆ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಸಾವು, ಎಲ್ಲ ನನ್ನ ತಲೆಯಲ್ಲಿದೆ. ನನಗೆ ಯಾರಾದರೂ ಬಟ್ಟೆ ತೋರಿಸುತ್ತಾರೆಯೇ?"

"ಇಲ್ಲ ಪ್ರಭು. ಬಟ್ಟೆ ಯಾರೂ ತೋರಿಸುವುದಿಲ್ಲ," ಎಂದಳು ನೀಲವ್ವ.

ಮಾರನೆಯ ದಿನ ದರ್ಬಾರು. ಹುಣಸೆಗಟ್ಟೆಯ ನಾಯಕ ಬಂದು ಕೈಮುಗಿದ. ನೀಲವ್ವ ಎಂದಿನಂತೆ ದೊರೆಗೆ ಬೀಡ ಕೊಟ್ಟಳು. ದೊರೆ ಬೀಡವನ್ನು ತಿರುಗಿಸಿ ನೋಡಿದರು. ಇನ್ನೊಮ್ಮೆ ತಿರುಗಿಸಿದರು. ಬಾಯಿಗೆ ಹಾಕಿಕೊಂಡು ನಕ್ಕರು.

"ಬನ್ನಿ ನಾಯಕರೇ! ತಾಯಿಯವರು ಹೇಗಿದ್ದಾರೆ? ಅವರ ಕೈಯ ಹೋಳಿಗೆಯ ರುಚಿ ಇನ್ನೂ ನಾಲಿಗೆಯ ಮೇಲಿದೆ."

"ಹೋದ ತಿಂಗಳು ಮಣ್ಣು ಮಾಡಿದೆವು ಪ್ರಭು."

ದರ್ಬಾರಿನಲ್ಲಿ ಯಾರೋ ಕೆಮ್ಮಿದರು. ಮುಂದೆ ಬಂದವನು ಕರಿಬಂಡೆಯ ನಾಯಕ. ದೊರೆ ಎರಡನೆಯ ಬೀಡವನ್ನು ಇನ್ನೂ ಹೆಚ್ಚು ಹೊತ್ತು ನೋಡಿದರು. ಈ ಸಲ ಎಚ್ಚರ ವಹಿಸಿ ಮುಖ ಇಳಿಬಿಟ್ಟರು.

"ಆದದ್ದು ಆಗಿಹೋಯಿತು ನಾಯಕರೇ. ಧೈರ್ಯ ತಂದುಕೊಳ್ಳಿ."

"ಗಂಡು ಮಗು ಪ್ರಭು," ಎಂದ ನಾಯಕ. "ಹತ್ತು ವರ್ಷಕ್ಕೆ ಹುಟ್ಟಿದ್ದು."

ದೊರೆ ಪಕ್ಕಕ್ಕೆ ಬಾಗಿ ಹಲ್ಲು ಕಚ್ಚಿಕೊಂಡು ಕೇಳಿದರು. "ನೀಲವ್ವ, ಲವಂಗ ಎಲ್ಲೇ? ಏಲಕ್ಕಿ ಎಲ್ಲಿ?"

ಪಿಸುಮಾತೇ ಆಗಿದ್ದರೂ ದೊರೆಯ ಗಂಟಲು ದೊಡ್ಡದು. ದರ್ಬಾರು ಪೂರ್ತಿ ಕೇಳಿಸಿಕೊಂಡಿತು. ಬೀಡದ ಮೇಲೆ ಲವಂಗ ಚುಚ್ಚಿದ್ದರೆ ಎದುರಿನವರ ಮನೆಯಲ್ಲಿ ಸಾವು, ನಗಬಾರದು. ಏಲಕ್ಕಿ ಸಿಕ್ಕಿಸಿದ್ದರೆ ಶುಭ, ನಗಬೇಕು. ಅಡಿಕೆ ಚೂರು ಸಿಕ್ಕಿಸಿದ್ದರೆ ಮಳೆ ಬೆಳೆ ವಿಚಾರಿಸಬೇಕು. ಏನೂ ಇಲ್ಲದ ಬೀಡ ಇವತ್ತಿನವರೆಗೆ ಬಂದೇ ಇರಲಿಲ್ಲ. ಹನ್ನೆರಡು ವರ್ಷ ಹೀಗೇ ನಡೆದು, ಅದೆಲ್ಲ ತಮ್ಮ ನೆನಪಿನ ಶಕ್ತಿಯೆಂದೇ ದೊರೆ ನಂಬಿಬಿಟ್ಟಿದ್ದರು.

"ಎರಡೂ ಚೀಲದಲ್ಲೇ ಇವೆ ಪ್ರಭು."

"ಮತ್ತೆ ಹಾಕಲಿಲ್ಲ ಯಾಕೆ?"

ನೀಲವ್ವ ಸೆರಗು ಸರಿಮಾಡಿಕೊಂಡು ಕೈಮುಗಿದಳು. "ಲವಂಗ ನೋಡಿ ಮಾತಾಡುವವರು ದೊರೆಯೇ ಅಂತ ಯಾರಾದರೂ ಕೇಳಿಬಿಟ್ಟಾರು ಅಂತ ಹೆದರಿದೆ. ಪಾಠ ಸಾಲದಿದ್ದರೆ ಅವಧಾನಿಗಳಿದ್ದಾರೆ. ಆರೇ ತಿಂಗಳು."

ಅವಧಾನಿಗಳು ಕಂಬದ ಮೇಲಿನ ಕೆತ್ತನೆ ನೋಡತೊಡಗಿದರು.

ದೊರೆಯ ಮುಖ ಮೊದಲು ಕೆಂಪಾಯಿತು. ಆಮೇಲೆ ಹೊಟ್ಟೆ ಕುಲುಕಿತು. ಎಲೆಯ ರಸ ಅಂಗಿಯ ಮೇಲೆ ಚಿಮ್ಮುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಹೆಗಲ ಮೇಲಿದ್ದ ಕೆಂಪು ಪಟ್ಟೆಯ ಶಲ್ಯ ತೆಗೆದು ಅವಳ ಕೈಗಿಟ್ಟರು. "ಮಾವನವರ ಹಗ್ಗಕ್ಕೆ ಇದನ್ನೇ ಕಟ್ಟು. ಬಿಳಿಯದಕ್ಕೆ ಅವಧಾನಿಗಳ ಪಂಚೆ ಇದೆ."

ಶುಕ್ರವಾರ ಪಲ್ಲಕ್ಕಿ ಬಂತು. ಲಾಯದಲ್ಲಿ ಕುದುರೆಗಳು ಕೆನೆಯುತ್ತಿದ್ದವು, ಕಮ್ಮಾರರು ಬಡಿಯುತ್ತಿದ್ದರು. ಬಾಗಿಲವನು ಬಾಯಿ ತೆರೆಯಲೂ ಇಲ್ಲ. ಹಗ್ಗ ಎಳೆದ. ಕೆಂಪು ಶಲ್ಯ ಎದ್ದಿತು. ಬೀಗರ ಬಡಿತ ಊರಿಡೀ ಮೊಳಗಿತು. ಅಭ್ಯಾಸಬಲದಿಂದ ರುಮಾಲಿಗೆ ಕೈ ಹಾಕಿದ್ದ ಇಬ್ಬರು ಮೂವರು ಮೆಲ್ಲಗೆ ಕೈ ಇಳಿಸಿದರು. ಮೇಲೆ ಕೆಂಚಪ್ಪ ಕಣ್ಣೊರೆಸಿಕೊಳ್ಳಲೂ ಬಿಡುವಿಲ್ಲದೆ ಬಾರಿಸುತ್ತಿದ್ದ.

ಮಾವನವರು ದರ್ಬಾರಿಗೆ ಕಾಲಿಟ್ಟಾಗ ನೀಲವ್ವ ಬೀಡ ನೀಡಿದಳು. ದೊರೆ ಹುಬ್ಬೇರಿಸಿದರು.

"ಏಲಕ್ಕಿಯೇ? ಏನೇ ನೀಲವ್ವ ಶುಭ?"

"ಮಾವನವರು ಇನ್ನೂ ಇದ್ದಾರೆ ಪ್ರಭು."