ಡಬ್ಬಿ ಮಾತ್ರ ಇಳಿಯಬೇಕು

ನೀಲವ್ವನಿಗೆ ಇದ್ದವನು ಒಬ್ಬನೇ ಮಗ, ಮುದುಕಪ್ಪ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಆಕೆಯ ಕಷ್ಟವೂ ಅದೇ. ಶಾಲೆಯ ನಾಲ್ವರು ಮಾಸ್ತರರಿಗೆ ಮಧ್ಯಾಹ್ನದ ಊಟ ಮಾಡಿಕೊಟ್ಟು ಆಕೆ ಮನೆ ನಡೆಸುತ್ತಿದ್ದಳು. ಮೊಣಕಾಲು ಬಾತ ಮೇಲೆ ಡಬ್ಬಿ ಒಯ್ಯುವ ಕೆಲಸ ಮಗನಿಗೆ ಬಂತು. ಅವನೋ, ಡಬ್ಬಿಯನ್ನು ಹೋದಲ್ಲೇ ಬಿಟ್ಟು ಬರುವವನು.

ಮುದುಕಪ್ಪನಿಗೆ ಮೊಬೈಲಿನಲ್ಲಿ ಒಂದೇ ವಿಡಿಯೋದ ಹುಚ್ಚು. ರಾಕೆಟ್ಟಿನ ಕೆಳಗಿನ ತುಂಡು ಆಕಾಶದಿಂದ ತಿರುಗಿ ಬಂದು, ಬುಡದಲ್ಲಿ ಬೆಂಕಿ ಉಗುಳುತ್ತ, ಕಾಲು ಚಾಚಿ, ನೆಲದ ಮೇಲೆ ನೆಟ್ಟಗೆ ನಿಲ್ಲುವುದು. ಅದನ್ನೇ ಮತ್ತೆ ಹಾರಿಸುತ್ತಾರಂತೆ. ನೀಲವ್ವ ಒಂದು ದಿನ ಕೂತು ಪೂರಾ ನೋಡಿದಳು.

"ಆ ಕೊಳವಿಗೆ ಇರೋ ಬುದ್ಧಿ ನಿನಗಿಲ್ಲಲ್ಲೋ. ಹೋದದ್ದು ಹೆಂಗ ತಿರುಗಿ ಬಂತು ನೋಡು. ಡಬ್ಬಿ ಹಂಗ ಮನಿಗೆ ಬರಬೇಕು."

ಮುದುಕಪ್ಪ ಶಾಲೆಯ ಗೇಟಿನವರೆಗೆ ಹೋದ, ತಿರುಗಿದ, ಬಂದ. ಡಬ್ಬಿಗಳೂ ಬಂದವು, ತುಂಬಿದ್ದು ತುಂಬಿದಂತೆಯೇ. ಅವ್ವ ಬೈದಳು. ರಾಕೆಟ್ಟು ಹೊತ್ತದ್ದನ್ನು ಮೇಲೆ ಬಿಟ್ಟು ಬರುವುದಿಲ್ಲವೇ, ನೀನೂ ಮೇಲೆ ಬಿಟ್ಟು ಬಾ ಅಂದಳು. ಮಾಸ್ತರರ ಕೋಣೆ ಇದ್ದದ್ದು ಮಹಡಿಯಲ್ಲಿ.

ಮರುದಿನ ಮುದುಕಪ್ಪ ಮಹಡಿ ದಾಟಿ ಛಾವಣಿ ಹತ್ತಿದ. ಅದಕ್ಕಿಂತ ಮೇಲೆ ಜಾಗವಿರಲಿಲ್ಲ. ರೊಟ್ಟಿ, ಪಲ್ಯ, ಅನ್ನ ಎಲ್ಲ ಅಲ್ಲಿ ಸುರಿದು ಖಾಲಿ ಡಬ್ಬಿ ತಂದ. ಮಂಗಗಳು ಉಂಡವು, ಮಾಸ್ತರರು ಉಪವಾಸ ಪಾಠ ಮಾಡಿದರು. ನಾಳೆಯೊಂದು ದಿನ ನೋಡುತ್ತೇವೆ, ತಪ್ಪಿದರೆ ಊಟಕ್ಕೆ ಬೇರೆಯವರಿಗೆ ಹೇಳುತ್ತೇವೆ ಎಂದು ಹೆಡ್ಮಾಸ್ತರರು ಹೇಳಿಕಳಿಸಿದರು.

ನೀಲವ್ವ ಮಗನನ್ನು ಎದುರು ಕೂರಿಸಿಕೊಂಡು ಒಂದೊಂದೇ ಮಾತು ಹೇಳಿದಳು.

"ಊಟ ಮಾಸ್ತರ ಹೊಟ್ಟಿಯೊಳಗ ಹೋಗಬೇಕು. ಅದು ಮತ್ತ ಕೆಳಗ ಬರಬಾರದು. ಕೆಳಗ ಬರೋದು ಖಾಲಿ ಡಬ್ಬಿ ಅಷ್ಟ. ತಿಳೀತೇನು?"

"ತಿಳೀತವ್ವ."

ಮರುದಿನ ಡಬ್ಬಿಗಳು ಖಾಲಿಯಾಗಿ, ತೊಳೆಸಿಕೊಂಡು ಮನೆಗೆ ಬಂದವು. ನಾಲ್ವರೂ ಉಂಡರೇ ಎಂದು ಕೇಳಿದಳು, ಉಂಡರು ಅಂದ. ನೀಲವ್ವನಿಗೆ ಎರಡು ದಿನದ ಮೇಲೆ ಹಸಿವಾಯಿತು. ರೊಟ್ಟಿ ಮುರಿದು ಉಣ್ಣುತ್ತ, ಮಾಸ್ತರರು ಏನಂದರೋ ಎಂದಳು.

"ನನ್ನ ಹಿಂದ ಕೆಳಗ ಬರಾಕ ಹತ್ತಿದ್ರವ್ವ, ಊಟ ಹೊಟ್ಟಿಯೊಳಗ ಇಟ್ಕೊಂಡು. ಹೊರಗಿಂದ ಚಿಲಕ ಹಾಕಿ ಬಂದೆ."

ನೀಲವ್ವ ಎಂಜಲು ಕೈಯಲ್ಲೇ ಕುಂಟುತ್ತ ಓಡಿದಳು. ಮೆಟ್ಟಿಲು ಹತ್ತಿ, ಚಿಲಕ ತೆಗೆದು, ಒಳಗೆ ಹೋಗಿ ತಲೆ ತಗ್ಗಿಸಿ ನಿಂತಳು. ಹೆಡ್ಮಾಸ್ತರರು ಮೊದಲು ಗಡಿಯಾರ ನೋಡಿದರು. ಆಮೇಲೆ, ಊಟವೇನೋ ಚೆನ್ನಾಗಿತ್ತು, ನಾಳೆಯೂ ಮಾಡು, ಆದರೆ ಆ ಮಗನ ಕೈಯಲ್ಲಿ ಮಾತ್ರ...

ಮಾತು ಮುಗಿಯಲಿಲ್ಲ. ಹಿಂದೆಯೇ ಬಂದಿದ್ದ ಮುದುಕಪ್ಪ ಬಾಗಿಲಲ್ಲಿ ನಿಂತು ಅವ್ವನ ಎಂಜಲು ಕೈ ನೋಡಿದ. ಅವ್ವನೂ ಉಂಡಿದ್ದಾಳೆ. ಬಾಗಿಲು ಎಳೆದು ಚಿಲಕ ಹಾಕಿದ.

ತಾನು ಇನ್ನೂ ಉಂಡಿರಲಿಲ್ಲ. ಹಾಗಾಗಿ ಕೆಳಗಿಳಿದು ಬಂದ.